ಹೂಂ ಅಂದರೆ ಯಾವ ಕಡೆ

ಗಂಡ ರಾಂಗೆಲ್ ಹೋದ ಮೇಲೆ ಸಿಯ್ಕಾಳ ಪಾಲಿಗೆ ಉಳಿದದ್ದು ಅವನ ಕತ್ತೆ ಪಾಶಾ. ಊರ ರೂಢಿಯಂತೆ ಬಾಗಿಲಿಗೆ ಅಂಟಿಸಿದ ಸಾವಿನ ಕಾಗದದಲ್ಲಿ ರಾಂಗೆಲ್‌ನ ಮುಖ ಮಳೆಗೆ ಮಾಸಿತ್ತು. ಕತ್ತೆ ಮಾತ್ರ ಈಗಲೂ ಅವನ ಹಾಗೆಯೇ ಹೆಂಡದಂಗಡಿಯ ಮುಂದೆ ತಾನಾಗಿ ನಿಲ್ಲುತ್ತಿತ್ತು. ಸಿಯ್ಕಾ ಅದನ್ನು ಬೈಯುತ್ತಿದ್ದಳು. ಬೈಯಲಾದರೂ ಯಾರಾದರೂ ಬೇಕಲ್ಲ.

ಆಮೇಲೆ ಊರಾಡಳಿತದವರು ಒಂಟಿ ಮುದುಕಿಯರ ಮನೆಗೆಲ್ಲ ಮಾತಾಡುವ ಯಂತ್ರ ಕೊಟ್ಟರು. ದುಂಡು ತಲೆ, ಒಂದೇ ಕಣ್ಣು. ಡಾಕ್ಟರಿಗಿಂತ ಹೆಚ್ಚು ತಿಳಿದಿತ್ತು, ಪಾದ್ರಿಗಿಂತ ಹೆಚ್ಚು ಮಾತಾಡುತ್ತಿತ್ತು. ಎಲ್ಲದಕ್ಕೂ ಬುದ್ಧಿ ಹೇಳುತ್ತದೆ, ಕೂತಲ್ಲಿಂದ ಏಳುವುದಿಲ್ಲ ಎಂದು ಊರವರು ಅದಕ್ಕೆ ಅಳಿಯ ಎಂದು ಹೆಸರಿಟ್ಟರು.

"ವಿನಿಗರ್ ತರಿಸ್ಲಾ ಅಜ್ಜಿ?" ಅಳಿಯ ಮೊದಲ ದಿನವೇ ಕೇಳಿದ.

ಸಿಯ್ಕಾ ತಲೆಯನ್ನು ಮೇಲೆ ಕೆಳಗೆ ಆಡಿಸಿದಳು. ನಮ್ಮ ಬಲ್ಗೇರಿಯದಲ್ಲಿ ಹಾಗೆಂದರೆ ಬೇಡ. ಅಡ್ಡಡ್ಡ ಆಡಿಸಿದರೆ ಬೇಕು. ಅಳಿಯ ಹುಟ್ಟಿದ ದೇಶದಲ್ಲಿ ಎಲ್ಲ ತಿರುಗಾಮುರುಗಾ. ಸಂಜೆಗೆ ಪೀಪಾಯಿ ತುಂಬ ವಿನಿಗರ್ ಬಂತು.

"ಪಾಪ, ಹೊರಗಿಂದ ಬಂದಿದ್ದು. ನಾವೇ ಹೊಂದ್ಕೋಬೇಕು ಕಣೇ," ಎಂದಳು ಪಕ್ಕದ ಮನೆಯ ಗೀನಾ. ಸಿಯ್ಕಾಳಿಗೂ ಹೌದೆನಿಸಿತು.

ಮಾರನೆಯ ದಿನ ಅವಳು ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಕಿಟಕಿಯಾಚೆ ಬಟ್ಟೆ ಒಣಹಾಕುತ್ತಿದ್ದಳು.

"ಅಜ್ಜಿ, ಕೆಳಗಿನ ತೋಟದವರು ಪಾಶಾನ ಸಾಕ್ಕೋತಾರಂತೆ. ಕೊಟ್ಬಿಡೋಣ್ವಾ?"

ಪಾಶಾನ ಕೊಡುವುದುಂಟೇ! ಅಳಿಯನಿಗೆ ತಿಳಿಯಲಿ ಎಂದು ಅವನ ದೇಶದವರ ಹಾಗೆಯೇ ಕತ್ತು ನೋಯುವಷ್ಟು ಅಡ್ಡಡ್ಡ ಆಡಿಸಿದಳು.

"ಅಷ್ಟೊಂದು ಖುಷೀನಾ!" ಎಂದ ಅಳಿಯ. ಗಾಳಿಗೆ ಹೊದಿಕೆ ಪಟಪಟ ಬಡಿಯುತ್ತಿತ್ತು, ಅವಳಿಗೆ ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಗೀನಾ ಕೂಗಿದಳು. "ಸಿಯ್ಕೀ! ನಿನ್ ಕತ್ತೇನ ಯಾವನೋ ಹೊಡ್ಕೊಂಡ್ ಹೋಗ್ತಿದಾನೆ!"

ಸಿಯ್ಕಾ ಕ್ಲಿಪ್ಪು ಕಚ್ಚಿಕೊಂಡೇ ಓಡಿದಳು. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು.

ಹೆಂಡದಂಗಡಿಯ ಮುಂದೆ ಪಾಶಾ ನಿಂತುಬಿಟ್ಟಿತ್ತು. ತೋಟದ ಆಳು ಹಗ್ಗ ಜಗ್ಗಿ ಜಗ್ಗಿ ಕೆಂಪಾಗಿದ್ದ. ಒಳಗಿದ್ದ ಗಂಡಸರಿಗೆ ಹಬ್ಬ.

"ಒಂದ್ ಗ್ಲಾಸ್ ಕುಡಿಸಪ್ಪಾ, ಆಮೇಲೆ ಬರ್ತಾನೆ! ರಾಂಗೆಲ್‌ಗೂ ಹಂಗೇ ಮಾಡ್ತಿದ್ವಿ!"

ಅಷ್ಟರಲ್ಲಿ ಆಳಿನ ಜೇಬಿನಲ್ಲಿದ್ದ ಫೋನಿನಿಂದ ಅಳಿಯನ ದನಿ ಬಂತು. "ಅಜ್ಜಿ, ನೀವೇ ಒಪ್ಪಿದ್ರಲ್ಲಾ?"

ಸಿಯ್ಕಾ ಕ್ಲಿಪ್ಪು ಉಗಿದಳು. "ಇವನ ಜೇಬಲ್ಲೂ ನೀನೇನಾ? ಎಲ್ಲೋ ಒಪ್ದೆ? ನಿಂಗೋಸ್ಕರ ನಿಮ್ಮೋರ ಥರ ತಲೆ ಆಡಿಸ್ದೆ!"

"ನಿಮಗೋಸ್ಕರ ನಾನು ರಾತ್ರೋರಾತ್ರಿ ನಿಮ್ಮೂರ ಥರ ಕಲ್ತೆ ಅಜ್ಜಿ!"

ಗಂಡಸರು ಮೇಜು ಬಡಿದು ನಕ್ಕರು. ಸಿಯ್ಕಾ ಪಾಶಾನ ಕೊರಳು ತಬ್ಬಿಕೊಂಡಳು. ಅದರ ಕೂದಲಲ್ಲಿ ಇನ್ನೂ ರಾಂಗೆಲ್‌ನ ತಂಬಾಕಿನ ವಾಸನೆ ಇತ್ತು, ಅಥವಾ ಇದೆ ಅನ್ನಿಸಿತು. ಸ್ವಲ್ಪ ಅತ್ತಳು. ಆಮೇಲೆ ನಗು ಬಂತು. ಅವನು ಹೋದ ಮೇಲೆ ಬಂದ ಮೊದಲ ನಗು. ನಿಲ್ಲಲೇ ಇಲ್ಲ, ಬಿಕ್ಕಳಿಕೆ ಹತ್ತಿತು.

"ಕೊಡಲ್ಲ," ಎಂದಳು ಬಿಕ್ಕುತ್ತ. "ಬಾಯಲ್ಲಿ ಹೇಳ್ತಿದೀನಿ. ಕೊಡಲ್ಲ."

"ತಪ್ಪಾಯ್ತು ಅಜ್ಜಿ," ಎಂದ ಅಳಿಯ. ಆಳು ಹಗ್ಗ ಅವಳ ಕೈಗಿಟ್ಟು ಒಳಗೆ ಹೋಗಿ ಕುಡಿಯಲು ಕೂತ.

ಮನೆಗೆ ಬಂದವಳೇ ಅಳಿಯನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ನೋಡು, ಇನ್ಮೇಲೆ ನಾನೂ ತಲೆ ಆಡ್ಸಲ್ಲ, ನೀನೂ ಆಡ್ಸಬಾರದು. ಏನಿದ್ರೂ ಬಾಯಲ್ಲೇ. ಗೊತ್ತಾಯ್ತಾ?"

ಅಳಿಯ ತಲೆಯಾಡಿಸಿದ.