ಕಲ್ಲಾಗದ ಡಬ್ಬಿ

ನಮ್ಮಮ್ಮ ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಪಾತ್ರೆ ತೊಳೆದವಳು. ಹಣ್ಣು, ಬ್ರಾಂಡಿ ಹಾಕಿ ಐಸ್‌ಕ್ರೀಮ್ ಮಾಡುವುದನ್ನು ಅಲ್ಲೇ ಕಲಿತಳು. ಕಲಿತಳೇನು, ಕದ್ದಳು. ಹೆಡ್ ಕುಕ್ ಯಾರಿಗೂ ಹೇಳಿಕೊಡುವ ಆಸಾಮಿಯಲ್ಲ. ಇವಳಿಗೆ ಬೆನ್ನಲ್ಲೂ ಕಣ್ಣು. ವರ್ಷದ ಕೊನೆಯ ಭಾನುವಾರ ನೆಂಟರೆಲ್ಲ ನಮ್ಮಲ್ಲಿ ಊಟಕ್ಕೆ ಸೇರುತ್ತಾರೆ. ಊಟದ ಕೊನೆಗೆ ಅಮ್ಮನ ಐಸ್‌ಕ್ರೀಮ್ ಬರಲೇಬೇಕು.

ಆ ವರ್ಷ ಬೇಡವೇ ಬೇಡ ಎಂದು ನಾನು ಜಗಳಕ್ಕೇ ಬಿದ್ದೆ. ಬಸ್ ಡ್ರೈವರ್ ಆಗಿರುವ ನಮ್ಮಣ್ಣ ಕುಡಿತ ಬಿಟ್ಟು ಹತ್ತು ತಿಂಗಳಾಗಿತ್ತು. ಒಂದು ಗುಟುಕು ಒಳಗೆ ಹೋದರೂ ಮತ್ತೆ ಮೊದಲಿನ ಕಥೆಯೇ ಎಂದು ಡಾಕ್ಟರು ಹೇಳಿದ್ದರು. ಅತ್ತಿಗೆಯಂತೂ, ಇನ್ನೊಂದು ಸಲ ಅವರ ಬಾಯಿಗೆ ಅದು ಹೋದರೆ ಮಗಳನ್ನು ಕರೆದುಕೊಂಡು ಹೊರಟೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಆಡುವವಳಲ್ಲ, ಮಾಡುವವಳು. ನೆಂಟರಿಗೆ ಇದಾವುದೂ ಗೊತ್ತಿಲ್ಲ.

"ಒಂದು ವರ್ಷ ಬ್ರಾಂಡಿ ಹಾಕದಿದ್ರೆ ಆಕಾಶ ಕಳಚಿ ಬೀಳುತ್ತಾ?" ಎಂದೆ.

"ಇಷ್ಟು ವರ್ಷ ಹಾಕಿದೋಳು ಈಗ್ಯಾಕೆ ಬಿಟ್ಟೆ ಅಂತಾರೆ. ಏನು ಹೇಳ್ಲಿ? ನನ್ನ ಮಗ ಕುಡುಕ ಆಗಿದ್ದ ಅಂತ ಡಂಗುರ ಹೊಡೀಲಾ? ಹೋಗೇ, ಬಂದ್ಲು ಬುದ್ಧಿ ಹೇಳೋಕೆ."

ಅಮ್ಮ ಎರಡು ಡಬ್ಬಿ ಮಾಡಿದಳು. ಒಣದ್ರಾಕ್ಷಿ, ಅಂಜೂರ, ಚೆರ್ರಿ ಎರಡಕ್ಕೂ ಒಂದೇ. ಒಂದು ಪಾಲು ಹಣ್ಣು ಹತ್ತು ದಿನ ಬ್ರಾಂಡಿಯಲ್ಲಿ ನೆನೆಯಿತು, ಇನ್ನೊಂದು ಪಾಲು ಕಿತ್ತಳೆ ರಸದಲ್ಲಿ. ಡಬ್ಬಿಗಳ ಮೇಲೆ ಅಂಟುಪಟ್ಟಿ ಹಚ್ಚಿ ಒಂದಕ್ಕೆ 'ಎಲ್ಲರಿಗೂ', ಇನ್ನೊಂದಕ್ಕೆ 'ಮಗನಿಗೆ' ಎಂದು ಬರೆದಳು.

ಇನ್ನು ನನ್ನ ಘನಕಾರ್ಯ ಕೇಳಿ. ಶನಿವಾರ ಫ್ರೀಜರಿನಲ್ಲಿ ಹಾಲು ಚೆಲ್ಲಿ ಡಬ್ಬಿಗಳೆಲ್ಲ ಅಂಟಂಟಾಗಿದ್ದವು. ನನಗೆ ಕೊಳೆ ಕಂಡರಾಗದು. ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದೆ, ಎರಡೂ ಪಟ್ಟಿ ಕಿತ್ತುಬಂದವು. ಒಣಗಿಸಿ ಮತ್ತೆ ಹಚ್ಚಿದೆ. ಯಾವುದು ಎಲ್ಲಿಯದೆಂದು ನೆನಪಿದೆ ಎಂದೇ ನಂಬಿದ್ದೆ. ನನ್ನ ನಂಬಿಕೆಗಿಷ್ಟು ಬೆಂಕಿ ಹಾಕ!

ಭಾನುವಾರ ಊಟ ಮುಗಿಯಿತು. ಅಮ್ಮನ ಬೆರಳಿನ ಗಂಟುಗಳು ಊದಿಕೊಂಡಿದ್ದರಿಂದ ಬಡಿಸುವ ಕೆಲಸ ನನ್ನದು. ಮೊದಲು 'ಮಗನಿಗೆ' ತೆರೆದೆ. ಚಮಚ ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ನೆಗಡಿಯ ಮೂಗಿಗೆ ವಾಸನೆ ಎಲ್ಲಿ ಹತ್ತಬೇಕು? ಬಟ್ಟಲು ತುಂಬಿ ಅತ್ತಿಗೆಯ ಕೈಗೆ ಕೊಟ್ಟೆ. ಅವಳು ಅದನ್ನು ನಡುಮನೆಗೆ ಒಯ್ದಳು.

ಆಮೇಲೆ 'ಎಲ್ಲರಿಗೂ' ತೆರೆದೆ. ಚಮಚವೇ ಬಾಗಿತು.

"ಅಮ್ಮಾ, ನಿನ್ನ ಬ್ರಾಂಡಿದು ಕಲ್ಲಾಗಿದೆ ನೋಡು."

ಬಟ್ಟಲು ಒರೆಸುತ್ತಿದ್ದ ಅಮ್ಮನ ಕೈ ನಿಂತಿತು. "ಯಾವುದು ಕಲ್ಲಾಗಿರೋದು?"

"ಬ್ರಾಂಡಿದು."

"ಬ್ರಾಂಡಿ ಹಾಕಿದ್ದು ಕಲ್ಲಾಗಲ್ಲ ಕಣೇ! ಎಷ್ಟು ದಿನ ಇಟ್ರೂ ಮೆತ್ತಗೇ ಇರುತ್ತೆ." ಅವಳು ಬಟ್ಟಲು ಕೆಳಗಿಟ್ಟಳು. "ಅವನಿಗೆ ಯಾವುದು ಕೊಟ್ಟೆ?"

ಇಬ್ಬರೂ ಓಡಿದೆವು.

ಅಣ್ಣನ ಬಟ್ಟಲಿನಲ್ಲಿ ಒಂದು ಚಮಚದಷ್ಟು ಹಳ್ಳ ಬಿದ್ದಿತ್ತು. ಅವನ ಒಂದು ಕೆನ್ನೆ ಉಬ್ಬಿತ್ತು, ತುಟಿ ಬಿಗಿದಿತ್ತು, ಕಣ್ಣಲ್ಲಿ ನೀರು. ಸುತ್ತಲೂ ಹನ್ನೊಂದು ಜನ.

"ಏನೋ ಡ್ರೈವರ್, ಬ್ರೇಕ್ ಹಾಕ್ಬಿಟ್ಯಾ? ಹೇಗಿದೆ ಹೇಳೋ," ಎಂದು ಚಿಕ್ಕಪ್ಪ ನಗುತ್ತಿದ್ದ.

ನುಂಗುವಂತಿಲ್ಲ, ಉಗುಳುವಂತಿಲ್ಲ. ಉಗುಳಿದರೆ ಯಾಕೆಂದು ಕೇಳುತ್ತಾರೆ. ಅಮ್ಮ ಹತ್ತು ತಿಂಗಳು ಮುಚ್ಚಿಟ್ಟಿದ್ದೆಲ್ಲ ಬಯಲಾಗುತ್ತದೆ. ಅವನ ಪಕ್ಕ ನಿಂತ ಅತ್ತಿಗೆಗೆ ಅಷ್ಟರಲ್ಲಿ ವಾಸನೆ ಬಡಿದಿತ್ತು. ಅವಳು ಮಗಳ ಭುಜ ಹಿಡಿದುಕೊಂಡಳು. ನಾನು ಅಣ್ಣನ ಗಂಟಲನ್ನೇ ನೋಡುತ್ತಿದ್ದೆ. ದೇವರೇ, ಅದು ಅಲುಗದಿರಲಿ.

ಅಮ್ಮ ನೆಟ್ಟಗೆ ಹೋಗಿ ಅವನ ಗದ್ದದ ಕೆಳಗೆ ಬೊಗಸೆಯೊಡ್ಡಿದಳು, ಕೂಸಿಗೆ ಒಡ್ಡುವಂತೆ.

"ಉಗುಳು."

ಅಣ್ಣ ಚಿಕ್ಕಪ್ಪನ ಕಡೆ ನೋಡಿ ತಲೆಯಲ್ಲಾಡಿಸಿದ.

"ಉಗುಳೋ ನನ್ನಪ್ಪ. ನೋಡಿದ್ರೆ ನೋಡ್ಲಿ ಬಿಡು."

ಉಗುಳಿದ. ಅಮ್ಮ ನೆಂಟರ ಕಡೆ ತಿರುಗಿದಳು. "ನನ್ನ ಮಗ ತುಂಬ ಕುಡೀತಿದ್ದ. ಬಿಟ್ಟು ಹತ್ತು ತಿಂಗಳಾಯ್ತು. ಇದರಲ್ಲಿ ಬ್ರಾಂಡಿ ಇತ್ತು, ತಪ್ಪು ನಮ್ಮದು."

ಅಣ್ಣ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸುವ ಸದ್ದು ಎಷ್ಟೋ ಹೊತ್ತು ಕೇಳಿಸಿತು. ಪಟ್ಟಿ ಅದಲುಬದಲು ಮಾಡಿದವಳು ನಾನೇ ಎಂದು ಬಾಗಿಲಲ್ಲಿ ನಿಂತು ಅತ್ತೆ.

"ಗೊತ್ತು ಬಿಡೇ," ಎಂದ ಅವನು. "ಈ ಮನೇಲಿ ಕಂಡಿದ್ದೆಲ್ಲ ಒರೆಸೋ ಚಾಳಿ ಇನ್ಯಾರಿಗಿದೆ?" ಮತ್ತೆ ಬಾಯಿಗೆ ನೀರು ತುಂಬಿಕೊಂಡ.

ನಡುಮನೆಗೆ ಬಂದರೆ ಅಮ್ಮ ಇನ್ನೂ ಹಾಗೇ ನಿಂತಿದ್ದಳು. ಐಸ್‌ಕ್ರೀಮ್ ಕರಗಿ ಬೆರಳ ಸಂದಿಯಿಂದ ಮೊಣಕೈವರೆಗೆ ಇಳಿಯುತ್ತಿತ್ತು. ಅವಳು ಆ ಬೊಗಸೆಯನ್ನು ಅತ್ತಿಗೆಯ ಮುಂದೆ ಹಿಡಿದಿದ್ದಳು.

"ನೋಡಮ್ಮ, ಅಷ್ಟೂ ಇಲ್ಲೇ ಇದೆ. ಒಂದು ತೊಟ್ಟೂ ನುಂಗಿಲ್ಲ ಅವನು. ನೀನೇ ನೋಡು."

ಅತ್ತಿಗೆ ನೋಡಿದಳು. ಮಗಳ ಭುಜ ಬಿಟ್ಟಳು. ಮೇಜಿನ ಮೇಲಿದ್ದ ನೀರಿನ ಚೊಂಬು ತೆಗೆದುಕೊಂಡು, "ಬನ್ನಿ ಅತ್ತೆ, ಕೈ ತೊಳಿಸ್ತೀನಿ," ಎಂದಳು.