ಬ್ಯಾಂಡ್ ಬಿಟ್ಟ ಮೇಲೆ ಅಕ್ಕ ಹಾಡಿದ್ದು

ಮೈಕಿನ ಮುಂದೆ ನಿಲ್ಲುವ ಮೊದಲು ಅಕ್ಕ ಎರಡೂ ಕೈಯ ಗಾಜಿನ ಬಳೆ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಬಿಸಿಲಿಗೆ ಕಂದಿದ ಮುಂಗೈಯಲ್ಲಿ ಬಳೆ ಇದ್ದಷ್ಟು ಜಾಗ ಮಾತ್ರ ತಿಳಿಯಾಗಿ, ಪಟ್ಟಿ ಕಟ್ಟಿದ ಹಾಗೆ ಕಾಣುತ್ತಿತ್ತು. ಮದುವೆಗೆ ಬಂದ ಹಿರಿಯ ಹೆಂಗಸರಿಗೆ ಇದು ಸರಿಬರುತ್ತಿರಲಿಲ್ಲ. ಶುಭಕಾರ್ಯದ ಮನೆಯಲ್ಲಿ ಬರಿಗೈ ಏನು ಎಂದು ಯಾರಾದರೂ ಗದರಿದರೆ, "ಬಳಿ ಸಪ್ಪಳ ಮೈಕಿನ್ಯಾಗ ಬರ್ತೈತಿ ಯಮ್ಮಾ. ಹಾಡು ಮುಗದ ಮ್ಯಾಲ ನಿನ್ನ ಮುಂದೇ ಹಾಕ್ಕೊಂತೀನಿ, ನಿಂತು ನೋಡು" ಎಂದು ನಗುತ್ತಿದ್ದಳು. ಆಮೇಲೆ ಮೈಕ್ ಎತ್ತಿ, ತಲೆ ಒಂದಿಷ್ಟು ಓರೆ ಮಾಡಿ ಮೊದಲ ಕೂಗು ಹಾಕಿದಳೆಂದರೆ ಗದರಿದ ಮುದುಕಿಯೇ ಮುಂದಿನ ಸಾಲಿಗೆ ಬಂದು ಕೂತಿರುತ್ತಿದ್ದಳು.

ಎಂಬತ್ತರ ದಶಕದ ಕೊನೆಯ ವರ್ಷಗಳು ಅವು. ಸಿಂಧನೂರಿನಲ್ಲಿ ನಮ್ಮದೊಂದು ಬ್ಯಾಂಡ್ ಇತ್ತು. ಡ್ರಮ್ ಬಾರಿಸುವಾತನೇ ಅದನ್ನು ಕಟ್ಟಿದವನು. ಎಲ್ಲರೂ ಅವನನ್ನು ಯಜಮಾನ ಎನ್ನುತ್ತಿದ್ದೆವು. ನಾನು ವಾರವೆಲ್ಲ ಅಕ್ಕಿ ಗಿರಣಿಯಲ್ಲಿ ದುಡಿದು, ಮದುವೆ ಇದ್ದ ದಿನ ಗಿಟಾರ್ ಹೆಗಲಿಗೇರಿಸುತ್ತಿದ್ದೆ. ಅಕ್ಕ ಹಾಡುಗಾರ್ತಿ. ರಕ್ತಸಂಬಂಧ ಏನೂ ಇರಲಿಲ್ಲ. ಮಸ್ಕಿಯವಳು, ನನಗಿಂತ ಹತ್ತಾರು ವರ್ಷ ದೊಡ್ಡವಳು, ಮದುವೆಯಾಗದೆ ತಾಯಿಯ ಜೊತೆ ಇದ್ದವಳು. ಹೊಲಿಗೆ ಆಕೆಯ ಕಸುಬು. ಮೊದಲ ದಿನವೇ "ತಮ್ಮಾ" ಎಂದು ಕರೆದಳು. ನಾನು ಅಕ್ಕ ಎಂದೆ. ಹಾಗೇ ಉಳಿಯಿತು.

ಆಕೆಯದು ಸಣ್ಣ, ಇಂಪಾದ ದನಿಯಲ್ಲ. ಖಡಿ ಹಾಕಿದ ರಸ್ತೆಯ ಮೇಲೆ ಚಕ್ಕಡಿ ಉರುಳಿದ ಹಾಗೆ ಒಡಕು, ಆದರೆ ಊರಾಚೆಗೂ ಕೇಳುವಷ್ಟು ಗಟ್ಟಿ. ಆ ದನಿಗೆ ಏನು ಒಗ್ಗುತ್ತದೆ ಎಂದು ನಮಗ್ಯಾರಿಗೂ ತಿಳಿದಿರಲಿಲ್ಲ. ನನಗೆ ಗಿಟಾರ್ ಕಲಿಸಿದ ಗೆಳೆಯ ಲಿಂಗಸುಗೂರಿನ ಆಚೆ ಚಿನ್ನದ ಗಣಿಯ ಕ್ವಾರ್ಟರ್ಸಿನಲ್ಲಿದ್ದ. ಅವನ ಹತ್ತಿರ ಇಂಗ್ಲಿಷ್ ರಾಕ್ ಹಾಡುಗಳ ಕ್ಯಾಸೆಟ್‌ಗಳಿದ್ದವು. ಒಂದನ್ನು ತಂದು ಅಕ್ಕನಿಗೆ ಕೇಳಿಸಿದೆ. ಒಂದು ಮಾತೂ ಅರ್ಥವಾಗದಿದ್ದರೂ ಆಕೆ ಹೊಲಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು.

"ಈತಂದು ಏನೋ ಕಳದೈತಿ, ತಮ್ಮಾ" ಎಂದಳು. "ಹುಡುಕ್ಯಾಡಿ ಸಾಕಾಗಿ ಒದರಾಕತ್ತಾನ."

ಅಂದಿನಿಂದ ಆಕೆ ಹಾಗೆಯೇ ಹಾಡತೊಡಗಿದಳು, ಕನ್ನಡದಲ್ಲಿ. ಯಜಮಾನನ ಡ್ರಮ್ಮು, ನನ್ನ ಗಿಟಾರು, ಅಕ್ಕನ ಒದರಾಟ ಸೇರಿ ನಮಗೆ ಹೆಸರಾಯಿತು. ಯಜಮಾನ ಬಟ್ಟೆಯ ಬ್ಯಾನರ್ ಮೇಲೆ 'ರಾಕ್ ರಾಣಿ' ಎಂದು ಬರೆಸಿದ. ಅಕ್ಕ ಅದರ ಕೆಳಗೆ ನಿಂತು, "ಯಾ ರಾಜ್ಯದ ರಾಣಿರೀ ಇಕಿ?" ಎಂದು ತನ್ನನ್ನೇ ತೋರಿಸಿ ಕೇಳಿದ್ದಳು.

ಒಂದು ಬೇಸಿಗೆಯಲ್ಲಿ ಆಕೆಯ ತಾಯಿ ತೀರಿಕೊಂಡಳು. ದಿನಕರ್ಮ ಮುಗಿದ ಸ್ವಲ್ಪ ದಿನಕ್ಕೆ ಸಾಲಗುಂದದಲ್ಲಿ ಒಂದು ಮದುವೆ. ಬರಬೇಡ ಎಂದು ಯಜಮಾನ ಹೇಳಿ ಕಳಿಸಿದ್ದರೂ ಅಕ್ಕ ಬಂದಳು. ಅಕ್ಷತೆ ಮುಗಿದು ಊಟದ ಪಂಕ್ತಿ ನಡೆದಿತ್ತು. ಎರಡು ಹಾಡು ಎಂದಿನಂತೆ ಹಾಡಿದಳು. ಮೂರನೆಯದಕ್ಕೆ ನಮ್ಮ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿ, ನಾವು ಎಂದೂ ಕೇಳಿರದ ಹಾಡೊಂದನ್ನು ತೀರಾ ಮೆಲ್ಲಗೆ ತೆಗೆದಳು:

ಒಲಿ ಆರಿಲ್ಲ ಇನ್ನ, ಬೂದ್ಯಾಗ ಕೆಂಡ ಐತಿ
ಊದಾಕ ನೀ ಇಲ್ಲ, ಹೊಗಿ ಅಷ್ಟ ಕಣ್ಣಾಗ

ಉಣ್ಣುತ್ತಿದ್ದವರ ಕೈ ನಿಂತಿತು. ವರನ ಕಡೆಯವರೊಬ್ಬರು ಎದ್ದು ಯಜಮಾನನನ್ನು ದುರುಗುಟ್ಟಿ ನೋಡಿದರು. ಯಜಮಾನ ಬೆವರಿದ, ಒಮ್ಮೆಲೇ ಡ್ರಮ್ಮಿನ ಮೇಲೆ ಜೋರು ಏಟು ಹಾಕಿ ಕುಣಿತದ ತಾಳ ಎತ್ತಿಬಿಟ್ಟ. ಅಕ್ಕ ಕಣ್ಣು ತೆರೆದಳು. ಸಾಲು ಅರ್ಧಕ್ಕೆ ನಿಂತಿತು. ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಹಂದರದಿಂದ ಹೊರಗೆ ನಡೆದಳು.

ಹೊರಗೆ ಬೇವಿನ ಗಿಡದ ಕೆಳಗೆ ಯಜಮಾನ ಆಕೆಯ ಹಿಂದೆಯೇ ಬಂದ. ಅವನ ಮುಖದಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. "ನಿನ್ನ ದುಃಖ ನನಗ ತಿಳಿಯಂಗಿಲ್ಲ ಅಂತಲ್ಲವಾ. ಮದುವಿ ಮನ್ಯಾಗ ಅಳೂ ಹಾಡು ಯಾರು ಕೇಳ್ತಾರ?"

"ಮದುವಿ ಮನ್ಯಾಗೇ ಎಲ್ಲಾರೂ ಅಳೂದು, ಯಜಮಾನ್ರ. ಹೆಣ್ಣು ಕಳಸೂ ಮುಂದ ನೋಡಿಲ್ಲೇನು?"

"ಅದು ಬ್ಯಾರೆ."

"ಇರಬೋದು" ಎಂದಳು ಅಕ್ಕ. "ನಿಮ್ಮದೂ ತಪ್ಪಿಲ್ಲ ಬಿಡ್ರಿ. ನನಗೇ ಇನ್ನ ಒದರಾಕ ಆಗವಲ್ದು."

ಜಗಳವಿಲ್ಲದೆ, ಶಾಪವಿಲ್ಲದೆ ಆಕೆ ಬ್ಯಾಂಡ್ ಬಿಟ್ಟದ್ದು ಹೀಗೆ. ಯಜಮಾನನೇ ಬಸ್ಸಿನವರೆಗೆ ಹೋಗಿ ಕೂಡ್ರಿಸಿ ಬಂದ.

ಕೆಲವು ತಿಂಗಳ ನಂತರ ಮಸ್ಕಿಗೆ ಹೋದಾಗ ಅಕ್ಕ ಹೊಲಿಗೆ ಮಷಿನ್ನಿನ ಮುಂದೆ ಕೂತು ಕುಪ್ಪಸ ಹೊಲಿಯುತ್ತಿದ್ದಳು. ಅಶೋಕನ ಶಾಸನದ ಗುಡ್ಡದ ಕಡೆಗೆ ಮುಖ ಮಾಡಿದ ಒಂದೇ ಅಂಕಣದ ಮನೆ. ನಾನು ಕೂತೆನೋ ಇಲ್ಲವೋ, ಮಷಿನ್ ಪೆಡಲಿನ ಲಯಕ್ಕೆ ಹಾಡೊಂದನ್ನು ಶುರುಮಾಡಿದಳು. ಅದು ಮುಗಿದ ಮೇಲೆ ಇನ್ನೊಂದು. ಎಲ್ಲ ತಾನೇ ಕಟ್ಟಿದವು: ಬಾಗಿಲು ಹಾಕದೆ ಮಲಗುವ ಮನೆಯ ಮೇಲೆ ಒಂದು, ತಾಯಿಯ ಹಳೆ ಸೀರೆ ಹರಿದು ಹೊದೆಯುವ ಕೌದಿ ಹೊಲಿಯಲಾರದ ಕೈಯ ಮೇಲೆ ಒಂದು, ಆ ಒಲೆಯ ಹಾಡು.

"ಇವನ್ನ ಕ್ಯಾಸೆಟ್ಟಿನ್ಯಾಗ ಹಾಕಬೇಕು" ಎಂದಳು. "ಡ್ರಮ್ ಬ್ಯಾಡ. ಬರೇ ನಿನ್ನ ಗಿಟಾರ್. ಬರ್ತೀ?"

"ಯಾರು ಕೇಳ್ತಾರಕ್ಕಾ?"

"ಯಾರೂ ಕೇಳದಿದ್ರ ನಾನೇ ಕೇಳ್ತೀನಿ. ನನಗೂ ಬೇಕಲ್ಲ ಯಾರಾರ ಹಾಡೋರು."

ಲಿಂಗಸುಗೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಕ್ಯಾಸೆಟ್ ಅಂಗಡಿ ಇತ್ತು. ಅದರ ಮಾಲೀಕರಾದ ಸಾಹೇಬರು ಹಿಂದಿನ ಕೋಣೆಯಲ್ಲಿ ಭಜನೆ, ಗೀಗೀ ಪದ ರೆಕಾರ್ಡ್ ಮಾಡಿಕೊಡುತ್ತಿದ್ದರು. ಆದರೆ ಅಕ್ಕನ ಮೆಲುದನಿಗೆ ಆ ಕೋಣೆ ಒಗ್ಗಲಿಲ್ಲ. ಗೋಡೆಗೆ ಬಡಿದ ದನಿ ಮರಳಿ ಬರುತ್ತಿತ್ತು. ಅಕ್ಕ ಮಸ್ಕಿಗೆ ಹೋಗಿ ಓಣಿಯ ಹೆಂಗಸರನ್ನು ಕೇಳಿ ಒಂದು ಹೊರೆ ಕೌದಿ ತಂದಳು. ಕೊಟ್ಟವರಲ್ಲಿ ಇಬ್ಬರು, ತಮ್ಮ ಕೌದಿ ಎಲ್ಲಿ ತೂಗುತ್ತದೆಂದು ನೋಡಲು ಜೊತೆಗೇ ಬಂದರು. ನಾಲ್ಕೂ ಗೋಡೆಗೆ ಕೆಂಪು, ಹಳದಿ, ನೀಲಿ ತುಂಡುಗಳ ಕೌದಿ ಇಳಿಬಿಟ್ಟೆವು. ಮಧ್ಯಾಹ್ನ ಬಜಾರು ತಣ್ಣಗಾದ ಹೊತ್ತಿಗೆ ಹಾಡು ಶುರುವಾಗುತ್ತಿತ್ತು. ಬಸ್ಸು ಹಾರ್ನ್ ಹೊಡೆದರೆ ಮತ್ತೆ ಮೊದಲಿನಿಂದ. ಕರೆಂಟು ಹೋದರೆ ಚಹಾ.

ನಾನು ಬ್ಯಾಂಡಿನ ಚಟಕ್ಕೆ ಬಿದ್ದವನು. ಸಿಕ್ಕಲ್ಲೆಲ್ಲ ಬೆರಳು ಓಡಿಸಿ ಕೈಚಳಕ ತೋರಿಸುತ್ತಿದ್ದೆ. ಅಕ್ಕ ಬಂದು ನನ್ನ ತಂತಿಗಳ ಮೇಲೆ ಅಂಗೈ ಇಟ್ಟಳು. "ಸಂತಿಗೆ ಹೊಂಟೀಯೇನು? ಮನಿಗೆ ಬಂದವರ ಎದುರು ಕುಂತಂಗ ಕುಂದ್ರು. ಅವ್ರು ಮಾತಾಡಿದ ಮ್ಯಾಲ ನೀ ಮಾತಾಡು."

ಒಲೆಯ ಹಾಡಿನ ನಡುವೆ ಆಕೆ ಹಾಡುವುದನ್ನು ನಿಲ್ಲಿಸಿದಳು. ನಾನು ಗಾಬರಿಯಿಂದ ನೋಡಿದೆ. ಆಕೆ ಕಣ್ಣೊರೆಸಿಕೊಳ್ಳುತ್ತ, ನಿಲ್ಲಿಸಬೇಡ ಎಂದು ಕೈಸನ್ನೆ ಮಾಡಿದಳು. ಆಕೆ ಮತ್ತೆ ಹಾಡುವ ತನಕ ನಾನೊಬ್ಬನೇ ಬಾರಿಸಿದೆ. ಅಲ್ಲಿ ಕೈಚಳಕಕ್ಕೆ ಎಡೆಯಿರಲಿಲ್ಲ. ಮನೆಗೆ ಬಂದವರ ಎದುರು ಕೂತ ಹಾಗೆ ಕೂತೆ, ಅಷ್ಟೇ.

ಎಲ್ಲ ಮುಗಿದಾಗ ಸಾಹೇಬರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. "ಅಕ್ಕಾರ, ಹಾಡು ಖರೇ ಅದಾವ. ಆದ್ರ ಬಜಾರದಾಗ ಇವು ನಡಿಯಂಗಿಲ್ಲರೀ."

ಅವರ ಮಾತೇ ನಿಜವಾಯಿತು. ಸಿಂಧನೂರಿನ ಅಂಗಡಿಯವರು ಕೇಳಿ ನೋಡಿ, "ರಾಕ್ ರಾಣಿ ಹಿಂಗ್ಯಾಕಾದ್ಲು?" ಎಂದು ಕ್ಯಾಸೆಟ್ ಹಿಂದೆ ಸರಿಸಿದರು. ಆ ಕಾಲದಲ್ಲಿ ಅಕ್ಕ ಕುಗ್ಗಿದ್ದಳು, ನನ್ನೆದುರು ತೋರಿಸಿಕೊಳ್ಳಲಿಲ್ಲ. ಒಮ್ಮೆ ಮಾತ್ರ, ಗುಂಡಿ ಹಚ್ಚುತ್ತಿದ್ದವಳು ತಲೆ ಎತ್ತದೆ, "ಬ್ಯಾಂಡ್ ಬಿಟ್ಟು ತಪ್ಪು ಮಾಡಿದ್ನೇನೋ" ಎಂದಳು.

ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಓಡುತ್ತಿದ್ದ ಖಾಸಗಿ ಬಸ್ಸಿನ ಡ್ರೈವರ್ ಒಬ್ಬ ಸಾಹೇಬರ ಅಂಗಡಿಯ ಗಿರಾಕಿ. ಹೊಸದೇನಾದರೂ ಕೊಡಿ ಎಂದಾಗ ಸಾಹೇಬರು ಅಕ್ಕನ ಕ್ಯಾಸೆಟ್ ಕೊಟ್ಟರು. ನೆಲ್ಲು ನಾಟಿ ಮುಗಿಸಿ ಮರಳುವ ಹೆಂಗಸರು ತುಂಬಿದ ಬಸ್ಸಿನಲ್ಲಿ ಅವನು ಅದನ್ನು ಹಾಕಿದ. ಒಂದು ಕಡೆ ಮುಗಿದದ್ದೇ, ಯಾರೋ ಹಿಂದಿನಿಂದ, "ಇನ್ನೊಮ್ಮಿ ಹಾಕಪ್ಪಾ, ಒಲಿ ಪದ" ಎಂದು ಕೂಗಿದರಂತೆ. ಮರುದಿನವೂ ಕೇಳಿದರು. ಆಮೇಲೆ ಅವರು ಬಸ್ಸು ಹತ್ತುವಾಗಲೇ ಡ್ರೈವರ್ ಕ್ಯಾಸೆಟ್ ತಿರುವಿ ಹಾಕಿರುತ್ತಿದ್ದ. ಬಸ್ಸಿನಿಂದ ಹಾಡು ಟ್ರ್ಯಾಕ್ಟರಿಗೆ, ಟ್ರ್ಯಾಕ್ಟರಿನಿಂದ ಹೋಟೆಲಿಗೆ ಹೋಯಿತು. ಸಾಹೇಬರೇ ಮಸ್ಕಿಗೆ ಬಂದು, "ನಾ ಅಂದದ್ದು ಗಲತ್ ಆತರೀ ಅಕ್ಕಾರ" ಎಂದು ನಕ್ಕರು.

ಒಂದು ದಿನ ಬಳಗಾನೂರಿನ ಹೆಂಗಸೊಬ್ಬಳು ಮನೆ ಹುಡುಕಿಕೊಂಡು ಬಂದಳು. ನಾನೂ ಅಲ್ಲೇ ಇದ್ದೆ. ಏನು ಹೊಲಿಯಬೇಕವ್ವಾ ಎಂದು ಅಕ್ಕ ಕೇಳಿದರೆ, ಏನೂ ಇಲ್ಲ ಎಂದಳು. ಹಾಡಬೇಕೆಂದೂ ಕೇಳಲಿಲ್ಲ. ಹೊಸ್ತಿಲ ಬಳಿ ಕೂತು, ಹೋದ ವರ್ಷ ತೀರಿಕೊಂಡ ತನ್ನ ಮಗಳು ಹೇಗೆ ನಗುತ್ತಿದ್ದಳು, ಏನು ತಿನ್ನುತ್ತಿದ್ದಳು ಎಂದು ಸಾಯಂಕಾಲದ ತನಕ ಹೇಳಿದಳು. ಅಕ್ಕ ಮಷಿನ್ ಬಿಟ್ಟಿಳಿದು ಎದುರಿಗೆ ಕೂತು ಕೇಳಿದಳು. ಹೊರಡುವಾಗ ಆ ಹೆಂಗಸು, "ಎದಿ ಹಗುರಾತವ್ವಾ" ಎಂದಳು. ಆಕೆ ಹೋದ ಮೇಲೆ ಅಕ್ಕ ನನಗೆ ಹೇಳಿದಳು: "ಬಿಟ್ಟಿದ್ದು ತಪ್ಪಲ್ಲ, ತಮ್ಮಾ."

ಯಜಮಾನನೂ ಬಂದ. ಮರಳಿ ಬ್ಯಾಂಡಿಗೆ ಬಾ ಎಂದು ಕೇಳಿದ. ಅಕ್ಕ ಒಲ್ಲೆನೆಂದಳು; ಆದರೆ ತನ್ನ ಹತ್ತಿರ ಹೊಲಿಗೆ ಕಲಿಯಲು ಬರುತ್ತಿದ್ದ ತರುಣಿಯೊಬ್ಬಳನ್ನು ಕರೆದು, "ಇಕಿ ದನಿ ಕೇಳ್ರಿ. ನನಗಿಂತ ಛಲೋ ಒದರ್ತಾಳ" ಎಂದಳು. ಬ್ಯಾಂಡಿಗೆ ಹೊಸ ರಾಣಿ ಸಿಕ್ಕಳು.

ನನ್ನ ಅಪ್ಪನ ಮಾತು ಇಲ್ಲಿ ಹೇಳಲೇಬೇಕು. ನಮ್ಮೂರು ಗೊರೇಬಾಳದ ಹತ್ತಿರ ಉಪಕಾಲುವೆಯ ಗೇಟು ಏರಿಸುವ, ಇಳಿಸುವ ಕೆಲಸ ಅವನದು. ನಾನು ಶಾಲೆಯಲ್ಲಿದ್ದಾಗ ಅವ್ವ ತೀರಿಹೋದಳು. ಆಮೇಲೆ ಅಪ್ಪ ಆಕೆಯ ಹೆಸರೆತ್ತಿದ್ದನ್ನು ನಾನು ಕೇಳಿರಲಿಲ್ಲ. ಬೇರೆ ಮಾತೂ ಕಡಿಮೆಯೇ. ನನ್ನ ಗಿಟಾರನ್ನು ಅವನು ಕಟ್ಟಿಗೆ ಎನ್ನುತ್ತಿದ್ದ: "ಆ ಕಟಿಗಿ ತಗದು ಅತ್ತಾಗ ಇಡು."

ಅಪ್ಪ ಏನೋ ಕೆಲಸಕ್ಕೆ ಲಿಂಗಸುಗೂರಿಗೆ ಹೋಗಿ ಬಂದ ದಿನ ನಾನು ಅಂಗಳದಲ್ಲಿ ಕೂತಿದ್ದೆ. ಬಂದವನೇ ರುಮಾಲು ಬಿಚ್ಚಿ ನನ್ನ ಪಕ್ಕದಲ್ಲೇ ಕೂತ. ಹಾಗೆ ಎಂದೂ ಕೂತವನಲ್ಲ.

"ಬಸ್ಸಿನ್ಯಾಗ ಒಂದು ಪದ ಹಾಕಿದ್ರು" ಎಂದ. "ಹೆಣಮಗಳು ಹಾಡಿಕೆಂತ ನಡುವ ಸುಮ್ನಾಗ್ತಾಳ. ಬರೇ ತಂತಿ ಸಪ್ಪಳ ಬರ್ತೈತಿ. ಯಾರಪ್ಪಾ ಬಾರಸವ ಅಂತ ಡ್ರೈವರ್‌ಗ ಕೇಳಿದ್ನಿ. ಗೊರೇಬಾಳದಾತ ಅಂದ. ನೀನಾ?"

ಹೌದೆಂದೆ.

ಅಪ್ಪ ತಲೆಯಾಡಿಸಿದ. ರುಮಾಲು ತೊಡೆಯ ಮೇಲೆ ಮಡಚುತ್ತ, "ನಿಮ್ಮವ್ವಗ ಒಲಿ ಊದಾಕ ಬರತಿದ್ದಿಲ್ಲ" ಎಂದ. "ಲಗ್ನಾದ ಹೊಸದಾಗ ಹೊಗಿ ತುಂಬಿ ಮನಿಮಂದಿ ಎಲ್ಲಾ ಹೊರಗ ಓಡಿಬರತಿದ್ವಿ. ನಾನೇ ಊದಿಕೊಡತಿದ್ನಿ, ಯಾರಿಗೂ ಕಾಣದಂಗ." ಹೇಳುತ್ತ ನಕ್ಕ. ನಗುತ್ತಲೇ ಅವನ ಕಣ್ಣು ತುಂಬಿದವು. ಅವತ್ತು ಊಟ ತಣ್ಣಗಾದರೂ ಅವನ ಮಾತು ನಿಲ್ಲಲಿಲ್ಲ. ಅಷ್ಟು ವರ್ಷಗಳ ಮೇಲೆ ಅವ್ವ ನಮ್ಮ ಅಂಗಳಕ್ಕೆ ಬಂದಳು.

ಮಸ್ಕಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಆಕೆ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು, "ಹಂಗಾದ್ರ ಇನ್ನೊಂದು ಕ್ಯಾಸೆಟ್ ಮಾಡೂಣು" ಎಂದಳು. "ಈ ಸಲ ನಗೂ ಹಾಡು. ನಿಮ್ಮಪ್ಪನ್ನೂ ಕರ್ಕೊಂಬಾ."

ಮಾಡಿದೆವು. ಅಪ್ಪ ತೊಳೆದ ಧೋತರ ಉಟ್ಟು ಲಿಂಗಸುಗೂರಿಗೆ ಬಂದ. ಕೌದಿಗಳ ನಡುವೆ ಮೂಲೆಯಲ್ಲಿ ಕೂಡ್ರಿಸಿ, ಸಪ್ಪಳ ಮಾಡಬಾರದೆಂದು ಸಾಹೇಬರು ನೂರು ಸಲ ಹೇಳಿದರು. ಅಪ್ಪ ಉಸಿರು ಬಿಗಿಹಿಡಿದು ಕೂತ. ಗೌಡರ ಮನೆಗೆ ಬೀಗರು ಬಂದ ಹಾಡಿನಲ್ಲಿ ಅಕ್ಕ ಕುಲುಕುಲು ನಗುವ ಕಡೆ ಅವನಿಗೆ ತಡೆಯಲಾಗಲಿಲ್ಲ. ನಗು ಹೊರಟು, ಅದನ್ನು ನುಂಗಲು ಹೋಗಿ ಕೆಮ್ಮಿಬಿಟ್ಟ. ಸಾಹೇಬರು ತಲೆ ಹಿಡಿದುಕೊಂಡರು. ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಅಕ್ಕ ಅವನ ತೋಳು ಹಿಡಿದು ಕೂಡ್ರಿಸಿದಳು.

"ತಿರುಗಿ ಮಾಡೂದು ಬ್ಯಾಡ್ರಿ ಸಾಹೇಬ್ರ. ಇರ್ಲಿ ಅದು. ಕೇಳೂ ಮಂದಿ ಹಾಡಿನ್ಯಾಗ ಇದ್ರ ಏನಾಗ್ತೈತಿ?"

ತೊಂಬತ್ತರ ದಶಕ ಮುಗಿಯುವ ಮೊದಲೇ ಅಕ್ಕ ಹೋದಳು. ಸಣ್ಣ ಕಾಯಿಲೆ, ಕೆಲವೇ ದಿನ. ಮಣ್ಣಿಗೆ ಬಂದ ಹೆಂಗಸರು ಅತ್ತು ಮುಗಿಸಿ, ಆಕೆಯ ಹಾಡನ್ನೇ ಒಬ್ಬರಾದ ಮೇಲೆ ಒಬ್ಬರು ಎತ್ತಿಕೊಂಡರು. ಮುಂದೆ ಅಪ್ಪನೂ ಹೋದ. ಅವನ ಒಂದು ಫೋಟೋ ನಮ್ಮ ಮನೆಯ ಗೋಡೆಯ ಮೇಲಿದೆ, ಕ್ಯಾಮೆರಾಕ್ಕೆ ಹೆದರಿ ಬಿಗಿದುಕೊಂಡ ಮುಖ. ನಾನು ಅದನ್ನು ನೋಡುವುದು ಕಡಿಮೆ. ಬೇಕೆನಿಸಿದಾಗ ಆ ಎರಡನೆಯ ಕ್ಯಾಸೆಟ್ ಹಾಕುತ್ತೇನೆ. ಬೀಗರ ಹಾಡು ಬರುತ್ತದೆ, ಅಕ್ಕ ನಗುತ್ತಾಳೆ, ಹಿಂದೆಯೇ ಅಪ್ಪ ಕೆಮ್ಮುತ್ತಾನೆ. ಅವನ ದನಿ ಎಂದು ನನ್ನ ಹತ್ತಿರ ಉಳಿದಿರುವುದು ಅದೊಂದೇ. ಅದನ್ನು ಅಳಿಸಗೊಡದೆ ಉಳಿಸಿಕೊಟ್ಟವಳು ಅಕ್ಕ.