ಕೆಂಪು ಬಟ್ಟೆ ಕಟ್ಟಿದ ಸೀಬೆಮರ

ಊರಿನ ದೊಡ್ಡ ಮನೆಗಳ ಗುಲಾಬಿಗೆ, ದಾಸವಾಳಕ್ಕೆ, ಹಣ್ಣಿನ ಮರಗಳಿಗೆ ಔಷಧಿ ಹೊಡೆಯುವುದೇ ಅವನ ಕಸುಬು. ಜನ ಇಟ್ಟ ಅಡ್ಡಹೆಸರು ‘ತಡೀರಿ ಮಾಮ’. ಗಾಳಿ ಬೀಸಿದರೆ ತಡೀರಿ, ಹೂವಿನ ಮೇಲೆ ಜೇನು ಕೂತಿದ್ದರೆ ತಡೀರಿ, ಅಂಗಳದಲ್ಲಿ ಮಗು ಆಡುತ್ತಿದ್ದರೆ ತಡೀರಿ. ಕೈಗೆ ಗವಸು, ಮೂಗಿಗೆ ಮಾಸ್ಕು, ಸುಡುಬಿಸಿಲಲ್ಲೂ ತುಂಬುತೋಳಿನ ಅಂಗಿ. ಮದುಮಗನೂ ಇಷ್ಟು ಹೊತ್ತು ಸಿಂಗಾರ ಮಾಡಿಕೊಳ್ಳಲಾರ ಎಂದು ಹೆಂಡತಿ ನಗುತ್ತಿದ್ದಳು. ಹೊಡೆದಾದ ಮೇಲೆ ಮರಕ್ಕೊಂದು ಕೆಂಪು ಬಟ್ಟೆ ಕಟ್ಟುವನು. ಡಬ್ಬಿಯ ಮೇಲೆ ಹೇಳಿದಷ್ಟು ದಿನ ಕಳೆದು, ತಾನೇ ಬಂದು ಬಿಚ್ಚುವ ತನಕ ಹಣ್ಣು ಮುಟ್ಟುವಂತಿಲ್ಲ. ಎಂಥವರೇ ಗೋಗರೆಯಲಿ, ಆಸಾಮಿ ಜಪ್ಪಯ್ಯ ಎಂದರೂ ಬಗ್ಗುತ್ತಿರಲಿಲ್ಲ.

ಅವನ ಹಿತ್ತಿಲಲ್ಲಿದ್ದದ್ದು ಒಂದೇ ಸೀಬೆಮರ, ಹೆಂಡತಿ ನೆಟ್ಟದ್ದು. ಅದಕ್ಕೆ ಮಾತ್ರ ಔಷಧಿ ಹೊಡೆಯಲು ಅವನಿಗೆ ಎಂದೂ ಪುರುಸೊತ್ತಾಗಲಿಲ್ಲ. ಹಣ್ಣಿನ ತುಂಬ ಹುಳ. ಅವಳು ಬ್ಲೇಡಿನಲ್ಲಿ ಹುಳದ ಭಾಗ ಕೆತ್ತಿ ಎಸೆದು, ಉಳಿದದ್ದನ್ನು ಚಪ್ಪರಿಸಿ ತಿನ್ನುತ್ತಿದ್ದಳು.

ಆ ವರ್ಷ ಅವಳು ಹಾಸಿಗೆ ಹಿಡಿದಳು. ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿ ಕಳಿಸಿದರು. ಮರದಲ್ಲಿ ಕಾಯಿ ಜಗ್ಗುತ್ತಿತ್ತು. ಈ ಸಲವಾದರೂ ಹುಳವಿಲ್ಲದ ಹಣ್ಣು ತಿನ್ನಲಿ ಪಾಪ ಎಂದು ಅವನು ಮರಕ್ಕೆ ಔಷಧಿ ಹೊಡೆದ, ಬಟ್ಟೆ ಕಟ್ಟಿದ. ಹದಿನೈದು ದಿನ ಕಾಯಬೇಕಿತ್ತು.

ಆಮೇಲೆ ಎರಡೇ ದಿನಕ್ಕೆ, ಗಂಜಿಯನ್ನೂ ಒಲ್ಲೆ ಎನ್ನುತ್ತಿದ್ದವಳು ಬಾಯಿಬಿಟ್ಟು ಕೇಳಿದಳು.

“ನಮ್ಮ ಮರದ್ದು ಒಂದು ಸೀಬೆಹಣ್ಣು ಕೊಡ್ತೀರಾ?”

ಅವನು ಮಾರ್ಕೆಟ್ಟಿಗೆ ಓಡಿ ದಪ್ಪದಪ್ಪ ಹಣ್ಣು ತಂದ. ಅವಳು ಒಂದನ್ನು ಮೂಸಿ ಪಕ್ಕಕ್ಕಿಟ್ಟಳು.

“ಇದು ನಮ್ಮದಲ್ಲ. ನಮ್ಮದೇ ತೊಳೆದು ಕೊಡಿ.”

“ತೊಳೆದ್ರೂ ಪೂರ್ತಿ ಹೋಗಲ್ಲ ಕಣೇ.”

“ಹುಳ ಇದ್ದಿದ್ರೆ ಕೆತ್ತಿ ತಿಂತಿದ್ದೆ.”

“ನಿನಗೆ ಹುಳ ಇಲ್ಲದ್ದು ಕೊಡೋಣ ಅಂತಲೇ...”

“ಗೊತ್ತು ಬಿಡಿ. ಆದ್ರೆ ಈಗ ನನಗೆ ಅದು ಇನ್ನೇನು ಮಾಡೀತು?”

ಅವನು ಎದ್ದು ಹಿತ್ತಿಲಿಗೆ ಹೋದ. ಕೈ ಹಣ್ಣಿನವರೆಗೂ ಹೋಯಿತು. ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಈಗ ಕಿತ್ತರೆ, ಬಟ್ಟೆ ಬಿಚ್ಚುವ ದಿನಕ್ಕೆ ಅವಳು ಇರುವುದಿಲ್ಲವೆಂದು ತಾನೇ ಒಪ್ಪಿಕೊಂಡಂತೆ. ಅದೊಂದು ಅವನಿಂದ ಆಗಲಿಲ್ಲ. ಬರಿಗೈಯಲ್ಲಿ ಒಳಗೆ ಬಂದ.

“ಇನ್ನು ಸ್ವಲ್ಪ ದಿನ ತಡಿ.”

“ನನಗೂ ತಡೀರಿ ಅಂತೀರಲ್ಲ,” ಎಂದು ಅವಳು ನಕ್ಕಳು. ಮತ್ತೆ ಕೇಳಲಿಲ್ಲ.

ಅವಳು ಹೋದಾಗ ಬಟ್ಟೆ ಇನ್ನೂ ಮರದ ಮೇಲೇ ಇತ್ತು. ಯಾರೂ ಅವನನ್ನು ದೂರಲಿಲ್ಲ. ದೂರಿದ್ದರೆ ಎದೆಯ ಭಾರ ಒಂದಿಷ್ಟು ಇಳಿಯುತ್ತಿತ್ತೇನೋ. ದಿನ ತುಂಬಿದಾಗ ಅವನೇ ಹೋಗಿ ಬಟ್ಟೆ ಬಿಚ್ಚಿದ. ತಾಯಿಯ ಆರೈಕೆಗೆಂದು ಬಂದು ಇನ್ನೂ ಅಲ್ಲೇ ಇದ್ದ ಮಗಳು ಒಂದು ಹಣ್ಣು ಕಿತ್ತು ಹೋಳು ಮಾಡಿದಳು.

“ಒಂದು ಹುಳನೂ ಇಲ್ಲ, ಅಪ್ಪ.”

ಅವನು ಮರದ ಬುಡದಲ್ಲಿ ಕುಸಿದು ಕೂತು, ಮಕ್ಕಳ ಹಾಗೆ ಅತ್ತ.

ಈಗಲೂ ಅವನು ಊರಿನ ಮರಗಳಿಗೆ ಔಷಧಿ ಹೊಡೆಯುತ್ತಾನೆ, ಬಟ್ಟೆ ಕಟ್ಟುತ್ತಾನೆ, ಯಾರಿಗೂ ಒಂದು ದಿನ ರಿಯಾಯಿತಿ ಕೊಡುವುದಿಲ್ಲ. ಹಿತ್ತಿಲಿನ ಮರಕ್ಕೆ ಮತ್ತೆ ಹುಳ ಬಿದ್ದಿದೆ. ಅದಕ್ಕೂ ಒಂದು ಸಲ ಹೊಡೆಯಬಾರದೇ ಎಂದು ಮೊನ್ನೆ ಮಗಳು ಕೇಳಿದಳು. ಅವನು ಬ್ಲೇಡಿನಲ್ಲಿ ಹಣ್ಣು ಕೆತ್ತುತ್ತಾ ತಲೆಯೆತ್ತದೆ ಹೇಳಿದ:

“ಬೇಡಮ್ಮ. ಆ ಮರದ ಹಣ್ಣಿಗೆ ಕಾಯೋಕೆ ನನ್ನ ಕೈಲಿ ಆಗಲ್ಲ.”